ದೋಣಿಯ ಬೆನ್ನು

ಟಣ್, ಟಣ್, ಟಣ್, ಆಮೇಲೆ ಇದ್ದಕ್ಕಿದ್ದಂತೆ ಒಂದು ದಬ್. ಹಳೆಯ ಫೈಬರ್ ದೋಣಿಯೊಂದರ ಮೈಮೇಲೆ ನನ್ನ ತಮ್ಮ ವಿಠಲ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋದ ಸದ್ದು ಅದು. ಠಾಣೆಯ ನನ್ನ ಫ್ಲ್ಯಾಟಿನಲ್ಲಿ ಮಧ್ಯಾಹ್ನ ಕಣ್ಣು ಮುಚ್ಚಿ ಮಲಗಿದರೆ, ಕೆಳಗಿನ ರಸ್ತೆಯ ಹಾರ್ನುಗಳನ್ನೆಲ್ಲ ದಾಟಿಕೊಂಡು ಈಗಲೂ ಅದು ನನ್ನ ತಲೆದಿಂಬಿನವರೆಗೆ ಬರುತ್ತದೆ. ಡಾಕ್ಟರು ಎದೆಯ ಮೇಲೆ ಬೆರಳಿಟ್ಟು ತಟ್ಟಿ ಕೇಳುತ್ತಾರಲ್ಲ, ಹಾಗೆ. ಟಣ್ ಎಂದರೆ ಒಳಗೆ ಗಟ್ಟಿಯಾಗಿದೆ. ದಬ್ ಎಂದರೆ ಒಳಗಿನ ಪ್ಲೈವುಡ್ ನೀರು ಕುಡಿದು ಕೊಳೆತಿದೆ. ಹಿಂಭಾಗದ ಹಲಗೆಗೆ ಬಂದಾಗ ದಬ್ ಬಿಟ್ಟು ಬೇರೇನೂ ಕೇಳಿಸಲಿಲ್ಲ.

"ಇದಕ್ಕೆ ಬೆನ್ನೇ ಇಲ್ಲ ಅಕ್ಕ," ಎಂದ, ಸತ್ತ ಸುದ್ದಿ ಹೇಳುವವನಂತಲ್ಲ, ಮದುವೆಯ ಸುದ್ದಿ ಹೇಳುವವನಂತೆ.

ನೀವು ದೋಣಿಯನ್ನು ಎಂದಾದರೂ ಹಿಂದಿನಿಂದ ಗಮನವಿಟ್ಟು ನೋಡಿದ್ದೀರಾ? ಮಂಗಳೂರಿನ ಹೊಳೆಬದಿಯಲ್ಲಿ ಬೆಳೆದವಳಾದರೂ ನಾನು ನೋಡಿರಲಿಲ್ಲ. ಬಣ್ಣ, ಹೂಮಾಲೆ, ಹೆಸರು, ಅಲಂಕಾರವೆಲ್ಲ ಮೂತಿಗೇ ತಾನೆ. ಹಿಂದೆ, ಇನ್ನು ಸಾಕು ಎಂಬಂತೆ ದೋಣಿಯನ್ನು ನೆಟ್ಟಗೆ ಮುಗಿಸಿಬಿಡುವ ಒಂದು ಹಲಗೆಯಿದೆ. ಅದಕ್ಕೆ ಟ್ರಾನ್ಸಮ್ ಎನ್ನುತ್ತಾರಂತೆ. ಎಂಜಿನ್ ನೇತಾಡುವುದು ಅದರ ಮೇಲೆ, ದೋಣಿಯನ್ನು ಮುಂದೂಡುವ ಬಲವೆಲ್ಲ ಬಂದು ಬೀಳುವುದೂ ಅದರ ಮೇಲೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಬೆಂಚುಗಳ ನಡುವೆ ನಡೆಯುತ್ತಾ, "ಬ್ಯಾಕ್ಸ್ ಸ್ಟ್ರೇಟ್, ಗರ್ಲ್ಸ್!" ಎಂದು ಸ್ಕೇಲಿನಿಂದ ಬೆನ್ನು ಮುಟ್ಟುತ್ತಿದ್ದರು. ಮುಖ ತೊಳೆದು ಪೌಡರು ಹಚ್ಚಿಕೊಂಡು ಹೋಗಿದ್ದ ನಮಗೆಲ್ಲ ಈಕೆ ಯಾಕೆ ನಮ್ಮ ಮುಖವನ್ನೇ ನೋಡುವುದಿಲ್ಲ ಎಂದು ಕೊರಗು.

ವಿಠಲನ ದುಡಿಮೆಯೆಲ್ಲ ಕಳೆದದ್ದು ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಫೈಬರ್ ವರ್ಕ್‌ಶಾಪಿನಲ್ಲಿ. ನೀರಿನ ಟ್ಯಾಂಕು, ಬಾತ್‌ರೂಮಿನ ಬಾಗಿಲು, ಬಸ್‌ಸ್ಟಾಪಿನ ಕುರ್ಚಿ, ಪಾರ್ಕಿನ ಡಸ್ಟ್‌ಬಿನ್ ಆಗಿದ್ದ ಪೆಂಗ್ವಿನ್. ರಿಟೈರಾಗಿ ಬೇಲಾಪುರದಲ್ಲಿ ನೆಲೆಸಿದ ಮೇಲೆ ಒಂದು ದಿನ ಚಹಾ ಕುಡಿಯುತ್ತಾ ಹೇಳಿದ: "ನಾನು ಮಾಡಿದ್ದೆಲ್ಲ ನಿಂತಲ್ಲೇ ನಿಲ್ಲುವ ವಸ್ತು ಅಕ್ಕ. ಒಂದಾದರೂ ಎಲ್ಲಿಗಾದರೂ ಹೋಗಬೇಕು." ಆಗಲೇ ಅವನ ಚಹಾದ ಕಪ್ ಬಸಿಯ ಮೇಲೆ ಕಟಕಟ ಎನ್ನುತ್ತಿತ್ತು. ಕೈನಡುಕ ಶುರುವಾಗಿತ್ತು. ಔಷಧಿ ಅದನ್ನು ನಿಧಾನ ಮಾಡಬಹುದು, ನಿಲ್ಲಿಸಲಾರದು ಎಂದು ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು. ಇವನ ಆಸೆಯೂ ಅಷ್ಟೇ ಸ್ಪಷ್ಟ: ತಾನು ಕಟ್ಟಿದ ದೋಣಿಯ ಎಂಜಿನ್ನಿನ ಹಿಡಿಕೆ ಹಿಡಿದು, ಕೈ ಮಾತು ಕೇಳುವಷ್ಟರೊಳಗೆ ಒಂದೇ ಒಂದು ಸಲ, ತಾನೇ ಊರಂಚಿನ ಖಾಡಿಯೊಳಗೆ, ಆ ಉಪ್ಪುನೀರಿನ ಹೊಳೆಯೊಳಗೆ, ಹೋಗಿಬರಬೇಕು.

ದೋಣಿ ಸಿಕ್ಕಿದ್ದು ಯಾವುದೋ ಮುಚ್ಚಿಹೋದ ಬೋಟಿಂಗ್ ಕ್ಲಬ್ಬಿನಿಂದ. ಖಾಡಿ ದಡದ ದಿವಾಳೆ ಎಂಬ ಹಳ್ಳಿಯ ಮೀನುಗಾರ, ವಿಠಲನ ಗೆಳೆಯ ಪಾಂಡುರಂಗ ತನ್ನ ಮನೆಯ ಪಕ್ಕ, ಬಲೆ ಒಣಗಿಸುವ ಜಾಗದಲ್ಲಿ, ಟಾರ್ಪಾಲು ಕಟ್ಟಿ ಅದಕ್ಕೊಂದು ಬಾಣಂತಿಕೋಣೆ ಮಾಡಿಕೊಟ್ಟ. ಮಳೆಗಾಲ ಕಳೆದು ಗಾಳಿ ಒಣಗಿದ ಮೇಲೆ ಕೆಲಸ ಆರಂಭವಾಯಿತು, ನಾನು ಭಾನುವಾರಗಳಲ್ಲಿ ಠಾಣೆಯಿಂದ ಪನ್ವೇಲ್ ಲೋಕಲ್ ಹಿಡಿದು ಹೋಗತೊಡಗಿದೆ. ವಿಧವೆ ಮುದುಕಿಯೊಬ್ಬಳಿಗೆ ಭಾನುವಾರ ಎಷ್ಟು ಉದ್ದವಿರುತ್ತದೆಂದು ನಿಮಗೆ ಗೊತ್ತಿದ್ದರೆ, ಯಾಕೆ ಹೋದೆ ಎಂದು ಕೇಳುವುದಿಲ್ಲ.

ಮೊದಲು ನೆಲ ಕೊರೆದು ತೆಗೆದರು. ಮೇಲೆ ನುಣ್ಣಗೆ ಹೊಳೆಯುತ್ತಿದ್ದ ನೆಲದ ಕೆಳಗೆ ಫೋಮು ನೀರು ಹೀರಿ ನೆನೆದ ಬ್ರೆಡ್ಡಿನಂತಾಗಿತ್ತು. ಅದನ್ನು ಹೊತ್ತ ಮರದ ಪಟ್ಟಿಗಳು ಬೆರಳಿಗೆ ಪುಡಿಯಾಗುತ್ತಿದ್ದವು. ಯಾವಾಗಲೋ ಯಾರೋ ಒಂದು ಸ್ಕ್ರೂ ಹಾಕಿ ತೆಗೆದ ತೂತು. ಅಲ್ಲಿಂದ ನೀರು ಒಳಹೋಗಿದೆ, ಹೊರಬರುವ ದಾರಿ ಅದಕ್ಕೆ ತಿಳಿದಿಲ್ಲ. ಹಿಂಭಾಗದ ಹಲಗೆಯ ಒಳಚರ್ಮ ಕತ್ತರಿಸಿದಾಗ ಕಪ್ಪು ನೀರು ಸೋರಿತು, ಎಷ್ಟೋ ಮಳೆಗಾಲಗಳ ವಾಸನೆಯೊಂದಿಗೆ. ನಾನು ಸೆರಗು ಮೂಗಿಗೆ ಹಿಡಿದು ನಿಂತು, ಸಂಸಾರಗಳ ಬಗ್ಗೆ ಯೋಚಿಸಿದೆ. ನಮ್ಮ ಬಿಲ್ಡಿಂಗಿನಲ್ಲಿಯೂ, ಐ ಮಸ್ಟ್ ಸೇ, ತಟ್ಟಿ ನೋಡಬಾರದ ಹೊಳೆಯುವ ಬಾಗಿಲುಗಳು ಕೆಲವಿವೆ.

ಹೊಸ ಮರೈನ್ ಪ್ಲೈ ಉಲ್ಹಾಸನಗರದಿಂದ ಬಂತು. ಆದರೆ ರೆಸಿನ್ ಎಂಬ ಅಂಟಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಬೆರೆಸುವಾಗ ವಿಠಲನ ಕೈ ನಡುಗಿ, ಹನಿಯಾಗಿ ಬೀಳಬೇಕಾದದ್ದು ಧಾರೆಯಾಗಿ ಬಿದ್ದು, ಡಬ್ಬಿಯೇ ಬಿಸಿಯಾಗಿ ಹೊಗೆಯಾಡಿತು. ಅವನು ಡಬ್ಬಿಯನ್ನು ಮರಳಿಗೆಸೆದು ಕೈಯನ್ನು ಬಗಲಲ್ಲಿ ಅಡಗಿಸಿಕೊಂಡ, ಶಾಲೆಯಲ್ಲಿ ಪೆಟ್ಟು ತಿಂದವನಂತೆ. ನಾನು ಬಳೆ ತೆಗೆದಿಟ್ಟು ಗ್ಲೌಸು ಹಾಕಿಕೊಂಡೆ. ಸಿಸ್ಟರುಗಳು ಕಲಿಸಿದ ಎಂಬ್ರಾಯ್ಡರಿ ಈ ವಯಸ್ಸಿನಲ್ಲಿ ಹೀಗೆ ಒದಗಿಬಂತು: ಗಾಜಿನ ನಾರಿನ ಮ್ಯಾಟನ್ನು ಮೂಲೆಗೆ ಹೊಂದುವಂತೆ ಕತ್ತರಿಸಿದೆ, ಹನಿ ಹನಿಯಾಗಿ ಬೆರೆಸಿದೆ, ಬ್ರಶ್ಶಿನಿಂದ ಗುಳ್ಳೆ ಹೊರಡಿಸಿದೆ. ವಿಠಲನ ಹೆಂಡತಿ ಸುಮತಿ ಮಾತ್ರ ಡಬ್ಬಿಯನ್ನೇ ನೋಡುತ್ತಾ, ಹೋಳಿಗೆಯ ಬೆಲ್ಲದ ಪಾಕ ನೋಡುವ ಕಣ್ಣಿನಿಂದ, "ಅತ್ತಿಗೆ, ಬೇಗ! ಎಳೆ ಬಂತು," ಎನ್ನುತ್ತಿದ್ದಳು. ಅವಳೆಂದದ್ದು ಸರಿಯೇ, ಮರುಕ್ಷಣ ಅದು ಜೆಲ್ಲಿಯಾಗುತ್ತಿತ್ತು. ಗಟ್ಟಿಯಾಗುವ ಮುನ್ನ ಎಲ್ಲಕ್ಕೂ ಒಂದು ಮೆತ್ತನೆಯ ಗಳಿಗೆಯಿರುತ್ತದೆ, ಆಗ ಹೇಳಿದ್ದನ್ನೆಲ್ಲ ಕೇಳುತ್ತದೆ. ಮಕ್ಕಳೂ ಹಾಗೆಯೇ ಅಲ್ಲವೆ, ಬಹುಶಃ ದುಃಖವೂ.

ಬೆನ್ನಿನ ಹಲಗೆ ಕೂರಿಸಿದ ಮೇಲೆ ಅದರ ಮೇಲೆ ಮ್ಯಾಟು ಹೊದಿಸಿ, ರೆಸಿನ್ ಕುಡಿಸಿ, ಒಣಗಲು ಬಿಟ್ಟೆವು. ಆ ರಾತ್ರಿ ನಾನು ಅವರಲ್ಲೇ ಉಳಿದೆ. ಮರುದಿನ ವಿಠಲ ಉಗುರಿನಿಂದ ಮೂಲೆ ಕೆದಕಿದ್ದೇ ತಡ, ಪದರ ಸರ್ರನೆ ಎದ್ದುಬಂತು. ಅದರ ಹಿಂದೆ ಮರದ ಮೇಲೆ ಹಳದಿ ಬೆರಳಚ್ಚುಗಳು.

ಊರಿನಲ್ಲಿ ಹೊಸ ಮನೆಗೆ ಬಾಗಿಲ ದಾರಂದ ಇಡುವಾಗ ಮರಕ್ಕೆ ತೆಂಗಿನೆಣ್ಣೆ, ಅರಿಸಿನ ಹಚ್ಚುವುದಿಲ್ಲವೆ? ಹಿಂದಿನ ದಿನ ನಾವು ಬರುವ ಮುಂಚೆ, ಬೆಳಿಗ್ಗೆ ಸ್ನಾನ ಮಾಡಿ ಬಂದ ಸುಮತಿ, ಹೊಸ ಹಲಗೆಗೂ ಅದನ್ನೇ ಮಾಡಿದ್ದಳು. ಕೈ ನಡುಗುವ ಗಂಡ ಇದನ್ನು ನಂಬಿ ನೀರಿಗೆ ಇಳಿಯುವವನಿದ್ದಾನೆ; ಬರಿಯ ರೆಸಿನ್ನನ್ನು ನೆಚ್ಚಿ ಅವನನ್ನು ಹೇಗೆ ಕಳಿಸುವುದು?

"ಕಾವಲಿಗೆ ಎಣ್ಣೆ ಸವರಿ ದೋಸೆ ಏಳಬಾರದು ಅಂದ್ರೆ ಹೇಗೆ ಮಾರಾಯ್ತಿ?" ಎಂದ ವಿಠಲ. ಪಾಂಡುರಂಗ ಬಲೆಯ ಗಂಟು ಬಿಡಿಸುತ್ತಿದ್ದವನು ಬಿದ್ದುಬಿದ್ದು ನಕ್ಕ: "ವಹಿನಿ, ಪೆಹಲೇ ಚಿಪಕನೇ ದೋ, ಫಿರ್ ಪೂಜಾ ಕರೋ!" ಮೊದಲು ಅಂಟಲಿ ಅತ್ತಿಗೆ, ಆಮೇಲೆ ಪೂಜೆ. ಸುಮತಿ ನಗಲಿಲ್ಲ. "ನಿಮ್ಮ ಕೆಲಸ ಹಾಳು ಮಾಡಿದೆ," ಎಂದು ಅಳತೊಡಗಿದಳು.

ಆಗ ವಿಠಲ ದೋಣಿಯ ಅಂಚಿನ ಮೇಲೆ ಕುಳಿತ. ನಡುಕ ಮೊಣಕೈಯವರೆಗೆ ಬಂದಿತ್ತು. "ಸಾಕು ಅಕ್ಕ, ಗುಜರಿಗೆ ಕೊಡುವ. ಇನ್ನೊಮ್ಮೆ ಮಾಡುವಷ್ಟರಲ್ಲಿ ನನಗೆ ಚಮಚ ಹಿಡಿಯಲಿಕ್ಕೂ ಆಗುವುದಿಲ್ಲ," ಎಂದ. ಖಾಡಿಯಲ್ಲಿ ಇಳಿತದ ಹೊತ್ತು. ಕೆಸರಿನ ಮೇಲೆ ಫ್ಲೆಮಿಂಗೋಗಳ ಗುಲಾಬಿ ಗೆರೆಯೊಂದು, ಯಾರೋ ಚಿತ್ರ ಬಿಡಿಸಿ ಅರ್ಧಕ್ಕೆ ಬಿಟ್ಟುಹೋದಂತೆ, ಮಂಜಿನಲ್ಲಿ ಕರಗುತ್ತಿತ್ತು. 

ಕೊನೆಗೆ ಎದ್ದವಳು ಸುಮತಿ. ಮೂಗು ಒರೆಸಿಕೊಂಡು, "ಆ ಗ್ರೈಂಡರ್ ಎಲ್ಲಿ ಒತ್ತುವುದು, ತೋರಿಸಿ," ಎಂದಳು. ಮಿಕ್ಸಿ ಬಿಟ್ಟು ಬೇರೆ ಯಂತ್ರ ಮುಟ್ಟದವಳು, ಮುಖಕ್ಕೆ ದುಪಟ್ಟಾ ಸುತ್ತಿ, ಕನ್ನಡಕ ಹಾಕಿ, ಬಿಳಿ ಧೂಳಿನ ಮೋಡದೊಳಗೆ ಕುಳಿತು, ಎಣ್ಣೆ ಕುಡಿದ ಮರವನ್ನು ಬಿಳುಪಾಗುವ ತನಕ ಉಜ್ಜಿದಳು. ತೀರ ಒಳಗಿಳಿದ ಕಡೆ ತುಂಡು ಕತ್ತರಿಸಿ ಹೊಸದು ಕೂರಿಸಿದೆವು. ಗಂಡ ಬೈಯಲಿಲ್ಲ, "ಹೆಚ್ಚು ಒತ್ತಬೇಡ, ಮಗುವಿನ ಬೆನ್ನು ಉಜ್ಜಿದ ಹಾಗೆ," ಎಂದು ಪಕ್ಕದಲ್ಲಿ ಕುಳಿತು ಹೇಳುತ್ತಿದ್ದ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಅಷ್ಟು ಹತ್ತಿರ ಕುಳಿತದ್ದನ್ನು ನಾನು ನೋಡಿರಲಿಲ್ಲ. ಈ ಸಲ ಪದರ ಏಳಲಿಲ್ಲ. ನೆಲವೂ ಮುಗಿಯಿತು, ಕೊನೆಯ ಬಣ್ಣ ಗಟ್ಟಿಯಾದ ಮೇಲೆ ವಿಠಲನೇ ಅರಿಸಿನದ ಬಟ್ಟಲನ್ನು ಹೆಂಡತಿಯ ಮುಂದೆ ಹಿಡಿದ. "ಈಗ ಹಚ್ಚು. ಎಷ್ಟು ಬೇಕಾದರೂ ಹಚ್ಚು."

ನೀರಿಗಿಳಿಸಿದ್ದು ಬೇಸಿಗೆ ಹತ್ತಿರವಾದಾಗ, ಬೆಳಗಿನ ಭರತದಲ್ಲಿ ನೀರೇರಿದ ಹೊತ್ತಿಗೆ. ಪಾಂಡುರಂಗ ತನ್ನ ದೋಣಿಯಲ್ಲಿ ಜೊತೆಗೆ ಹೋಗುವುದೆಂದು ಮಾತಾಗಿತ್ತು. ಸುಮತಿಯ ಹಿಂದೆಯೇ ನಾನೂ ಸೀರೆ ಎತ್ತಿ ಕಟ್ಟಿ ಹತ್ತಲು ಸಿದ್ಧಳಾಗಿದ್ದೆ, ವಿಠಲ ತಡೆದ. "ನೀನು ಜೆಟ್ಟಿ ಮೇಲೆ ನಿಲ್ಲು ಅಕ್ಕ. ಎಂಜಿನ್ ಭಾರಕ್ಕೆ ಹಿಂದಿನ ಹಲಗೆ ಓರೆಯಾಗ್ತದಾ, ನೀರಿಗೆ ಸಮ ಉಂಟಾ, ಅದು ಒಳಗೆ ಕೂತವರಿಗೆ ಕಾಣುವುದಿಲ್ಲ. ನೀನು ನೋಡಿ ಹೇಳಬೇಕು."

ಅವರು ಹಿಂತಿರುಗಿ ಬರುವಷ್ಟರಲ್ಲಿ ನಾನು ಊಟದ ಹೊತ್ತಿಗೆ ಮನೆ ಸೇರಬೇಕೆಂದು ಲೋಕಲ್ ಹಿಡಿದು ಹೊರಟಿದ್ದೆ. ಮುಂದಿನ ಭಾನುವಾರ ನನ್ನದೂ ಒಂದು ಸುತ್ತು ಎಂದು ದೋಣಿ ಹೊರಡುವ ಮುಂಚೆಯೇ ಸುಮತಿಯ ಬಳಿ ಹೇಳಿಟ್ಟಿದ್ದೆ. ಆ ಭಾನುವಾರಕ್ಕೆ ಮುಂಚೆಯೇ ಅವಳ ಫೋನ್ ಬಂತು. ನಿದ್ದೆಯಲ್ಲೇ ಹೋಗಿಬಿಟ್ಟರು, ಎಂದಳು. ಬೇಲಾಪುರದ ಆ ಮನೆಯ ಹಾಲ್‌ನಲ್ಲಿ ಆಮೇಲೆ ಕಂಡದ್ದನ್ನು ನಾನು ನನ್ನ ತಮ್ಮನನ್ನು ನೋಡಿದ್ದೆಂದು ಎಣಿಸುವುದಿಲ್ಲ.

ಅವನನ್ನು ಕೊನೆಯ ಸಲ ನೋಡಿದ್ದು ಜೆಟ್ಟಿಯ ಮೇಲಿನಿಂದ. ಮೂತಿಯ ಕಡೆ ಇವನಿಗೆ ಎದುರಾಗಿ ಕುಳಿತಿದ್ದ ಸುಮತಿ ಇಬ್ಬರ ಪರವಾಗಿಯೂ ಕೈ ಬೀಸುತ್ತಿದ್ದಳು. ಬಿಳಿಯ ಹಲಗೆ ನೀರಿನ ಮೇಲೆ ಗೆರೆ ಎಳೆದ ಹಾಗೆ ಕುಳಿತಿತ್ತು. "ಸಮ ಉಂಟು ವಿಠಲಾ, ಸಮ ಉಂಟು!" ಎಂದು ನಾನು ಕಾನ್ವೆಂಟು, ವಯಸ್ಸು ಎಲ್ಲ ಮರೆತು ಕಿರುಚಿದೆ. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ಅವನು ತಿರುಗಲಿಲ್ಲ, ಕೈಯೆತ್ತಲಿಲ್ಲ. ಎತ್ತಲು ಕೈಗೆ ಬಿಡುವಿರಲಿಲ್ಲ. ನಡುಗುವ ಒಂದು ಕೈ ಹಿಡಿಕೆಯ ಮೇಲೆ, ಅದರ ಮೇಲೆ ಇನ್ನೊಂದನ್ನು ಒತ್ತಿಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು, ಅವನು ನೇರವಾಗಿ ಹೋಗುತ್ತಿದ್ದ.