ಜಪಾನಿನವಳ ಕ್ರಾಪು, ಅಮ್ಮನ ಜಡೆ

ಜಯನಗರ ಫೋರ್ತ್ ಬ್ಲಾಕಿನ ಫುಟ್‌ಪಾತಿನಲ್ಲಿ ಹಳೇ ಮ್ಯಾಗಝೀನು ಮಾರುವವನ ರಾಶಿಯೊಳಗೆ ಆ ಜಪಾನಿನವಳು ನನಗೆ ಸಿಕ್ಕಿದಳು. ಮೊದಲು ಫ್ಯಾಷನ್ ಮಾಡೆಲ್ ಆಗಿದ್ದಳಂತೆ, ಆಮೇಲೆ ಕಾಮಿಕ್ಸ್ ಕಥೆಗಳನ್ನು ಸಿನಿಮಾ ಮಾಡುವವರೆಲ್ಲ ಅವಳನ್ನೇ ಹುಡುಕಿಕೊಂಡು ಬಂದರಂತೆ. ಫೋಟೋದಲ್ಲಿ ಅವಳ ಕೈಯಲ್ಲಿ ಕತ್ತಿ, ಕಿವಿಯ ಮಟ್ಟಕ್ಕೆ ಕತ್ತರಿಸಿದ ಕೂದಲು, ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಗಂಟು ಮುಖಕ್ಕೂ ಸಂಬಳ ಕೊಡುವ ದೇಶ! ನಾನು ಹಾಗೆ ಮುಖ ಮಾಡಿದರೆ ಬನಶಂಕರಿಯ ನಮ್ಮ ಮನೆಯಲ್ಲಿ ಬೈಗುಳ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ.

ಆಗ ನನಗೆ ಇಪ್ಪತ್ತೆರಡು. ಜಡೆ ಸೊಂಟ ದಾಟಿತ್ತು. ಅದು ಬೆಳೆದದ್ದು ನನ್ನ ತಲೆಯ ಮೇಲೆ, ಆದರೆ ಯಜಮಾನಿಕೆ ಅಮ್ಮನದು. ವಾರವಾರ ಹರಳೆಣ್ಣೆ, ಸೀಗೆಕಾಯಿ, ಸಿಕ್ಕು ಬಿಡಿಸುವಾಗ ತಲೆಗೊಂದು ಮೊಟಕು. ಒಂದು ದಿನ ಆ ಫೋಟೋ ಹಿಡಿದು ಪಾರ್ಲರಿಗೆ ಹೋದೆ. ಅಮ್ಮನನ್ನು ಕೇಳಿದೆಯಾ ಎಂದು ಪಾರ್ಲರ್ ಆಂಟಿ ಮೂರು ಸಲ ವಿಚಾರಿಸಿದರು. ಮೂರು ಸಲವೂ ಸುಳ್ಳು ಹೇಳಿದೆ. ಅವರು ಕತ್ತರಿಸಿದ ಜಡೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಕೈಗೇ ಕೊಟ್ಟರು.

ಮುಂದಿನ ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹಿಟ್ಟಿತ್ತು, ಮಲ್ಲಿಗೆಯಿತ್ತು, ಜುಟ್ಟೇ ಹೋಗಿತ್ತು. ಅಮ್ಮ ಕವರನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಮರುದಿನ ಸಿದ್ದಾಪುರದಲ್ಲಿ ಚೌರಿ ಕಟ್ಟುವವರ ಹತ್ತಿರ ಒಯ್ದು, ಅದನ್ನೇ ಚೌರಿ ಮಾಡಿಸಿಕೊಂಡು ಬಂದಳು.

ಭಾನುವಾರ ನನ್ನ ಮೋಟು ಕೂದಲಿಗೆ ನನ್ನದೇ ಜಡೆಯನ್ನು ಪಿನ್ನುಗಳಿಂದ ಬಿಗಿದಳು. ಅಮ್ಮ ಆರಿಸಿದ ಸೀರೆಯುಟ್ಟು ನಡೆದೆ, ನಿಂತೆ, ತಿರುಗಿದೆ. ಮಾಡೆಲಿಂಗ್ ಅಂದರೆ ಇನ್ನೇನು? ಜಪಾನಿನವಳು ಕಾಫಿ ತಟ್ಟೆ ಹಿಡಿದಿರಲಿಲ್ಲ, ಅಷ್ಟೇ. ಗಂಡಿನ ಸೋದರತ್ತೆ ಹಿಂದಿನಿಂದ ಬಂದು ಜಡೆಯನ್ನು ಅಂಗೈ ಮೇಲಿಟ್ಟು ತೂಗಿ ನೋಡಿದರು.

"ಸ್ವಂತದ್ದಾ?"

"ಅವಳದ್ದೇ," ಎಂದಳು ಅಮ್ಮ. "ಎರಡು ವರ್ಷದ ಮಗು ಆಗಿದ್ದಾಗಿಂದ ನಾನೇ ಎಣ್ಣೆ ಹಚ್ಚಿ ಬೆಳೆಸಿರೋದು." ಮಾತು ಮುಗಿಯುವಷ್ಟರಲ್ಲಿ ಅವಳ ದನಿ ಒಡೆದಿತ್ತು.

ಮದುವೆಗೆ ಮೊಗ್ಗಿನ ಜಡೆ ಚೆನ್ನಾಗಿ ಒಪ್ಪುತ್ತದೆ ಎಂದರು ಸೋದರತ್ತೆ. ಅಮ್ಮ ತಲೆಯಾಡಿಸಿದಳು. ಜನ್ಮದಲ್ಲಿ ಸುಳ್ಳು ಹೇಳದವಳು ನನ್ನಿಂದಾಗಿ ಮದುವೆ ಮಂಟಪದವರೆಗೂ ಈ ನಾಟಕ ಆಡಬೇಕಲ್ಲ ಎಂದು ನನಗೆ ನಾಚಿಕೆಯಾಯಿತು. ತಟ್ಟೆ ಕೆಳಗಿಟ್ಟು, ಪಿನ್ನುಗಳನ್ನು ಕಿತ್ತು, ಜಡೆಯನ್ನು ಅಮ್ಮನ ಮಡಿಲಿಗೆ ಹಾಕಿದೆ. ಬಂದವರು ಉಪ್ಪಿಟ್ಟನ್ನು ಪೂರ್ತಿ ತಿಂದೇ ಎದ್ದರು. ಆಮೇಲೆ ಸುದ್ದಿಯಿಲ್ಲ. ಅಮ್ಮನೂ ನನ್ನೊಡನೆ ಮಾತು ಬಿಟ್ಟಳು.

ಮೂರು ತಿಂಗಳಾದ ಮೇಲೆ ಅದೇ ಫುಟ್‌ಪಾತಿನಲ್ಲಿ ಜಪಾನಿನವಳ ಸಂದರ್ಶನ ಸಿಕ್ಕಿತು. ಆ ಕ್ರಾಪು ಅವಳದಲ್ಲವಂತೆ. ಕಾಮಿಕ್ಸಿನ ಚಿತ್ರದಂತೆ ಕಾಣಲಿ ಎಂದು ಸಿನಿಮಾದವರು ತೊಡಿಸಿದ ವಿಗ್ಗು! ಅವಳ ಸ್ವಂತ ಕೂದಲು ಸೊಂಟದವರೆಗಿದೆಯಂತೆ. ಮನೆಗೆ ತಂದು, ಮಾತು ಬಿಟ್ಟಿದ್ದ ಅಮ್ಮನಿಗೇ ಓದಿ ಹೇಳಿದೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅವಳಿಗಿರೋ ಬುದ್ಧಿ ನಿನಗಿಲ್ವಲ್ಲೇ!"

ನನ್ನ ಮದುವೆಯಾದದ್ದು ಐದು ವರ್ಷದ ನಂತರ, ಮೋಟು ಕೂದಲಲ್ಲೇ. ಅಷ್ಟರಲ್ಲಿ ಅಮ್ಮನ ಕೂದಲು ನರೆತು, ಉದುರಿ, ತುರುಬಿಗೂ ಸಾಲದಾಗಿತ್ತು. ಧಾರೆಯ ದಿನ ಬೀರುವಿನಿಂದ ಆ ಚೌರಿ ತೆಗೆದು ತಾನೇ ಹಾಕಿಸಿಕೊಂಡಳು. ಮೇಲೆ ಬಿಳಿ, ಕೆಳಗೆ ಕಡುಕಪ್ಪು. ಛತ್ರದಲ್ಲಿ ಯಾರೋ ನೆಂಟರು ಬೇಕೆಂದೇ ಕೇಳಿದರು, ಇದು ಸ್ವಂತದ್ದಾ ಎಂದು.

"ಮತ್ತೆ? ನಾನೇ ಬೆಳೆಸಿದ್ದು," ಎಂದಳು ಅಮ್ಮ.