ಪುಟ್ಟಮ್ಮಣ್ಣಿಯವರ ಹೂಂ

ಪುಟ್ಟಮ್ಮಣ್ಣಿಯವರು ಹೂಂ ಅನ್ನದೆ ನಮ್ಮ ನಾಟಕದಲ್ಲಿ ಏನೂ ನಡೆಯುತ್ತಿರಲಿಲ್ಲ. ರಾಜ ಸಿಂಹಾಸನದಿಂದ ಏಳಬೇಕಾದರೂ ಅವರ ಹೂಂ ಬೇಕು, ರಾಕ್ಷಸಿ ಸೀನಬೇಕಾದರೂ ಅವರ ಹೂಂ ಬೇಕು. ತುಟಿ ಬಿಚ್ಚದೆ ಮೂಗಿನಲ್ಲೇ ಹೊರಡಿಸುತ್ತಿದ್ದ ಆ ಸದ್ದನ್ನು ನಂಬಿಕೊಂಡು ನಾನು ಬರೆದ ಇಡೀ ರಾಜ್ಯ ನಡೆಯುತ್ತಿತ್ತು. ಇದನ್ನು ಬರೀ ಹೊಗಳಿಕೆಗೆ ಹೇಳುತ್ತಿಲ್ಲ. ಆ ಹೂಂ ನನ್ನ ತಲೆ ಕೆಡಿಸಿದ ದಿನಗಳೂ ಉಂಟು.

ಅವರು ನಂಜನಗೂಡಿನಲ್ಲಿ ನಮಗೆ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟವರು. ಹುಟ್ಟಿದ್ದು ಮೂಗೂರು, ಮದುವೆಯಾಗಿ ಹೋಗಿದ್ದು ಹೆಡತಲೆಗೆ. ಗಂಡ ಬೇಗ ತೀರಿಕೊಂಡರು. ಆಮೇಲೆ ನಂಜನಗೂಡಿನ ಒಂದು ವಿದ್ಯಾರ್ಥಿ ನಿಲಯದಲ್ಲಿ ಅಡುಗೆ ಮಾಡಿಕೊಂಡು ಮಗಳನ್ನು ಸಾಕಿ, ಓದಿಸಿ, ನಿವೃತ್ತರಾಗಿ, ರೈಲು ಹಳಿಗೆ ಹತ್ತಿರದ ಒಂದು ಬೀದಿಯಲ್ಲಿ ಸಣ್ಣ ಮನೆ ಕಟ್ಟಿಕೊಂಡಿದ್ದರು. ಕುಳ್ಳ ದೇಹ, ಹಣೆ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಹಾಸ್ಟೆಲ್ ಹುಡುಗರ ಗದ್ದಲದ ಮೇಲೆ ಕೂಗಿ ಕೂಗಿ ಅವರ ಗಂಟಲು ಎಷ್ಟು ಪಳಗಿತ್ತೆಂದರೆ, ಅಡುಗೆಮನೆಯಲ್ಲಿ ಬೆಕ್ಕನ್ನು ಗದರಿದರೆ ಬೀದಿಯ ತುದಿಯಲ್ಲಿ ಸೈಕಲ್ಲಿನವನು ಬ್ರೇಕ್ ಹಾಕುತ್ತಿದ್ದ.

ನಮ್ಮ ಕಸುಬನ್ನೂ ಹೇಳಿಬಿಡುತ್ತೇನೆ. ನಾನು ತಿರುಮಕೂಡಲು ನರಸೀಪುರದ ಒಂದು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಉಳಿದವರೆಲ್ಲ ಗಂಭೀರವಾದದ್ದನ್ನು ಬರೆಯುತ್ತಿದ್ದಾಗ ನಾನು ಮಂತ್ರವಾದಿಗಳು, ಮಾತಾಡುವ ಪ್ರಾಣಿಗಳು, ಪೆದ್ದ ರಾಜರು ಇರುವ ನಗೆ ಕಾದಂಬರಿಗಳನ್ನು ಬರೆದೆ. ಮಕ್ಕಳ ಪುಸ್ತಕವೆಂದು ದೊಡ್ಡವರು ಬಿಟ್ಟರು, ದೊಡ್ಡವರ ಪುಸ್ತಕವೆಂದು ಮಕ್ಕಳು ಬಿಟ್ಟರು. ಪ್ರತಿಗಳು ನನ್ನ ಮಂಚದ ಕೆಳಗೆ ಸೇರಿದವು. ಆಗ ನರಸೀಪುರದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ನನ್ನ ಹಳೆಯ ವಿದ್ಯಾರ್ಥಿ ಲೋಕೇಶ, "ಸಾ, ಓದೋರಿಲ್ಲ ಅಂದ್ರೆ ಬುಡಿ, ಕೇಳೋರ್ಗೆ ಕೊಡವ. ಬಸ್ಸಲ್ಲಿ ನೋಡಿ, ಎಲ್ರ ಕಿವೀಲೂ ಏನಾರ ಸಿಕ್ಕಂಡಿರ್ತದೆ," ಅಂದ. ಕಾದಂಬರಿಯನ್ನು ಕಂತು ಕಂತಾಗಿ ಧ್ವನಿನಾಟಕ ಮಾಡಿ ಮೊಬೈಲಿಗೆ ಬಿಡುವುದು ಅವನ ಯೋಜನೆ. ಅವನೂರು ನಂಜನಗೂಡೇ, ಹಾಗಾಗಿ ಕೋಣೆಯನ್ನು ಅಲ್ಲೇ ಹುಡುಕಿದ. ದನಿ ಮಾರ್ದನಿಸದಿರಲೆಂದು ಗೋಡೆಗೆಲ್ಲ ಹಳೆಯ ರಗ್ಗು ಹೊಡೆದ, ಮೈಕು ತಂದ. ರೈಲು ಹೋದ ಮೇಲೆ, ದೇವಸ್ಥಾನದ ಮೈಕು ನಿಂತ ಮೇಲೆ ನಾವು ಶುರು ಮಾಡುತ್ತಿದ್ದೆವು. ಪಾತ್ರಗಳ ದನಿಯೆಲ್ಲ ನನ್ನದು. ಸದ್ದು, ಸಂಗೀತ, ಕತ್ತರಿ ಕೆಲಸ ಲೋಕೇಶನದು.

ಕತೆ ಇಷ್ಟು. ಒಂದು ಊರಿನಲ್ಲಿ ನಾಳೆಯ್ಯ ಎಂಬ ಮಂತ್ರವಾದಿ. ಅವನ ಮಂತ್ರಗಳೆಲ್ಲ ಸಾಚಾ, ಆದರೆ ಫಲಿಸುವುದು ಮಾರನೆಯ ದಿನ. ಇವತ್ತು ಮಳೆ ಬರಿಸು ಅಂದರೆ ಮಳೆ ನಾಳೆ, ಎಲ್ಲರೂ ರಾಗಿ ಒಣಹಾಕಿದ ಮೇಲೆ. ಅರಮನೆಯ ಬಾಗಿಲಲ್ಲಿ ನಿಂತಿರುವ ಶತ್ರುವನ್ನು ಕತ್ತೆ ಮಾಡು ಎಂದು ರಾಜ ಹೇಳುತ್ತಾನೆ. ಮಾರನೆಯ ದಿನ ಅದೇ ಹೊತ್ತಿಗೆ ಅಲ್ಲಿ ಬಂದು ನಿಂತ ಮಂತ್ರಿ ಕತ್ತೆಯಾಗುತ್ತಾನೆ. ಕತ್ತೆಯಾದ ಮೇಲೆ ಅವನ ಆಡಳಿತ ಎಷ್ಟೋ ಸುಧಾರಿಸುತ್ತದೆ.

ಬರೆಯುವಾಗ ನಾನೇ ನಕ್ಕಿದ್ದ ಈ ಕತೆ, ರಗ್ಗು ಹೊಡೆದ ಕೋಣೆಯಲ್ಲಿ ಮೈಕಿನ ಮುಂದೆ ಹೇಳಿದಾಗ ಶೋಕಸಭೆಯ ಭಾಷಣದ ಹಾಗೆ ಕೇಳಿಸಿತು. ಲೋಕೇಶ ಹೆಡ್‌ಫೋನು ತೆಗೆದು, "ಸಾ, ಒಂಚೂರು ತಮಾಸೆಯಾಗಿ ಏಳಿ," ಅನ್ನುತ್ತಿದ್ದ. ಹೇಳುತ್ತಿದ್ದೆ. ಇನ್ನೂ ಕೆಡುತ್ತಿತ್ತು. ಸಾಕು, ಈ ಕೆಲಸ ನನ್ನದಲ್ಲ ಎಂದು ಒಳಗೊಳಗೇ ತೀರ್ಮಾನ ಮಾಡಿದ್ದೆ. ಪುಸ್ತಕ ಸೋತಾಗ ಆದ ನೋವನ್ನು ಮತ್ತೊಮ್ಮೆ ಪಡುವ ಶಕ್ತಿ ನನಗಿರಲಿಲ್ಲ.

ಅಂಥ ಒಂದು ಸಂಜೆ ಪುಟ್ಟಮ್ಮಣ್ಣಿಯವರು ಮೊರದ ತುಂಬ ಅವರೆಕಾಯಿ ಹಿಡಿದುಕೊಂಡು ಮಹಡಿ ಹತ್ತಿ ಬಂದರು.

"ಯಾನ ಮೇಷ್ಟ್ರೇ ಇದು? ಆಗ್ಲಿಂದ ಕೇಳ್ತಾವ್ನಿ, ಗೋಡೆಗ್ ಕತೆ ಏಳ್ತಿದ್ದೀರಲ್ಲ! ಊಂ ಅನ್ನೋರು ಬ್ಯಾಡ್ವಾ?"

"ಅವ್ವಾ, ರೆಕಾರ್ಡಿಂಗ್ ಆಯ್ತಾ ಅದ. ಸದ್ದು ಮಾಡಂಗಿಲ್ಲ," ಎಂದ ಲೋಕೇಶ.

"ಸದ್ದ ಯಾರ್ಲಾ ಮಾಡ್ತರ? ನಾನು ಊಂ ಅಂತೀನಿ, ಅಷ್ಟೇಯ."

ಮನೆ ಅವರದು, ಎದ್ದು ಹೋಗಿ ಅನ್ನುವ ಹಾಗಿಲ್ಲ. ಬಾಗಿಲ ಬಳಿ ಗೋಡೆಗೊರಗಿ ಕೂತರು. ನಾನು ಒಂದು ವಾಕ್ಯ ಹೇಳಿದೆ. "ಊಂ," ಅಂದರು. ಇನ್ನೊಂದು ವಾಕ್ಯ. "ಊಂ." ರಾಜ ಕತ್ತೆಗೆ ನಮಸ್ಕಾರ ಮಾಡುವ ಜಾಗ ಬಂದಾಗ ಹೂಂ ಬರಲು ಅರೆಗಳಿಗೆ ತಡವಾಯಿತು, ಬಂದಾಗ ಆ ಸದ್ದಿನ ಬಾಲ ಸ್ವಲ್ಪ ಮೇಲಕ್ಕೆದ್ದಿತ್ತು. ಅವರು ನಗುವುದು ಹಾಗೆ ಎಂದು ಆಮೇಲೆ ತಿಳಿಯಿತು. ಆ ಬಾಲ ಎದ್ದದ್ದೇ ತಡ, ನನ್ನ ಬೆನ್ನು ನೆಟ್ಟಗಾಯಿತು. ನಿಧಾನಿಸಬೇಕಾದಲ್ಲಿ ನಿಧಾನಿಸಿದೆ, ಓಡಬೇಕಾದಲ್ಲಿ ಓಡಿದೆ. ಕಂತು ಮುಗಿದಾಗ ಲೋಕೇಶ ಬೆರಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ನಕ್ಕು ನಕ್ಕು ನೀರು ಬಂದಿತ್ತು. "ಸಾ, ಇವತ್ತು ಕತೆ ಉಸ್ರಾಡ್ತು," ಅಂದ. ನನಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಅವರೆಕಾಯಿ ಸುಲಿಯುವ ಚಟಚಟ ಮಾತ್ರ ಮೈಕಿನಲ್ಲಿ ಮಳೆಯ ಹಾಗೆ ಬಂದಿತ್ತು. ಮಾರನೆಯ ದಿನದಿಂದ ಮೊರ ನಿಷೇಧವಾಯಿತು. ಅವರಿಗೆ ಕೈ ಸುಮ್ಮನಿರಿಸಿ ಗೊತ್ತಿಲ್ಲ, ಹಾಗಾಗಿ ಹತ್ತಿ ತಂದು ದೀಪದ ಬತ್ತಿ ಹೊಸೆಯತೊಡಗಿದರು. ಆ ವರ್ಷ ಬೀದಿಯ ಅಷ್ಟೂ ದೇವರ ಮನೆಗಳಲ್ಲಿ ಉರಿದದ್ದು ನಮ್ಮ ನಾಟಕದ ಬತ್ತಿಗಳೇ.

ಹೂಂಗಳನ್ನೆಲ್ಲ ಲೋಕೇಶ ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆಯುತ್ತಿದ್ದ. ಆದರೆ ಹೂಂ ಇದ್ದ ಜಾಗದ ಖಾಲಿ ಹಾಗೇ ಉಳಿಯುತ್ತಿತ್ತು. ಅದನ್ನೂ ಒತ್ತರಿಸಿದರೆ ನಗೆ ಸಾಯುತ್ತದೆಂದು ಅವನಿಗೇ ಗೊತ್ತಾಗಿತ್ತು. ಕಂತುಗಳು ಮೊಬೈಲಿಗೆ ಬಂದ ಮೇಲೆ ಚಿಕ್ಕಯ್ಯನಛತ್ರ ಎಂಬ ಊರಿನ ಒಬ್ಬರು ನರಸೀಪುರದ ಬಸ್ಸಿನಲ್ಲಿ ನನ್ನ ದನಿ ಗುರುತು ಹಿಡಿದು, "ಸಾ, ನಡ್ನಡುಕೆ ಒಂಚೂರು ಸುಮ್ನಾಯ್ತೀರಲ್ಲ, ಅಲ್ಲಿ ನಮ್ಮವ್ವ ಊಂ ಅಂತರೆ," ಎಂದರು. ಓಡಿಬಂದು ಪುಟ್ಟಮ್ಮಣ್ಣಿಯವರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಅನ್ನದೆ ಮತ್ತೆ? ಏಳೋನ್ನ ಒಬ್ಬನ್ನೇ ಬುಟ್ಬುಡಕಾದ್ದಾ?"

ಮೂಗೂರಿನಲ್ಲಿ ಅವರ ಅಜ್ಜ ದೊಡ್ಡ ಕತೆಗಾರರಂತೆ. ಮೊಮ್ಮಕ್ಕಳಲ್ಲಿ ಹೂಂ ಅನ್ನುವ ಕೆಲಸ ಇವರದು. "ನಮ್ಮಜ್ಜ ಏಳವ, ಊಂ ಅನ್ನೋದು ನಿಲ್ಸುದ್ರೆ ಕತೇಲಿರೋರು ಎಲ್ಲವ್ರೋ ಅಲ್ಲೇ ನಿಂತ್ಕತ್ತರ ಅಂತ. ಒಂದ್ ದಿನ ನಂಗೆ ತೂಕಡ್ಕೆ ಬಂದ್ಬುಡ್ತು. ರಾಣಿ ಒಳೆ ದಾಟ್ತಿದ್ಲು, ನಡೂನೀರಲ್ಲಿ. ಎದ್ದು ನೋಡ್ತೀನಿ, ಬೆಳ್ಗಾಗದ! ಅಯ್ಯೋ ಶಿವ್ನೆ, ರಾತ್ರಿಯೆಲ್ಲ ನಿಂತವ್ಳಲ್ಲಾ ಅಂತ ಅಳ್ಕಂಡು ಅಜ್ಜನ್ ತಾವ್ಕೆ ಓಡೋದೆ." ಇದನ್ನು ಹೇಳುವಾಗ ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಆ ರಾಣಿಯ ಕಾಲು ನೆನೆದದ್ದು ಇಷ್ಟು ವರ್ಷವಾದರೂ ಅವರಿಗೆ ಮರೆತಿರಲಿಲ್ಲ.

ಈ ನಿಯಮದ ಬಲ ಏನೆಂದು ನನಗೆ ತಿಳಿದದ್ದು ಕತ್ತೆ ಸಾಯುವ ಕಂತಿನಲ್ಲಿ. ಪುಸ್ತಕದಲ್ಲಿ ಮಂತ್ರಿಕತ್ತೆ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ನಗೆಯ ನಡುವೆ ಒಂದಿಷ್ಟು ದುಃಖವಿರಲಿ, ಸಾಹಿತ್ಯವಾದೀತು ಎಂಬ ಆಸೆಯಿಂದ ಸೇರಿಸಿದ್ದೆ. "ಕತ್ತೆ ಹೊಳೆಗೆ ಇಳಿಯಿತು," ಅಂದೆ. "ಊಂ." "ನೀರು ಎದೆಯ ಮಟ್ಟಕ್ಕೆ ಬಂತು." "ಊಂ." "ಕತ್ತೆಯ ಕಾಲು ಜಾರಿತು."

ಹೂಂ ಇಲ್ಲ. ಬತ್ತಿ ಹೊಸೆಯುವ ಕೈಯೂ ನಿಂತಿತ್ತು.

"ಕತ್ತೆಯ ಕಾಲು ಜಾರಿತು," ಮತ್ತೆ ಹೇಳಿದೆ.

"ಕೇಳುಸ್ತು. ಅದ್ನ ಸಾಯ್ಸಕ್ ಓಯ್ತಿದ್ದೀರಿ ನೀವು. ನಾನು ಊಂ ಅನ್ನಲ್ಲ."

"ಅಮ್ಮಾ, ಪುಸ್ತಕದಲ್ಲಿ ಹಾಗೆ ಬರೆದಾಗಿದೆ. ಅಚ್ಚೂ ಆಗಿದೆ."

"ಬರ್ದಿದ್ರೆ ಯಾನಾಯ್ತು? ಏಳಿಲ್ವಲ್ಲ ಇನ್ನೂವೆ."

ನನಗೆ ಕೋಪ ಬಂತು. ಇವರನ್ನು ಬಿಟ್ಟು ಮುಂದೆ ಹೋಗೋಣವೆಂದು ಲೋಕೇಶನಿಗೆ ಕಣ್ಸನ್ನೆ ಮಾಡಿದೆ. ಮೈಕಿಗೆ ಬಾಯಿ ಕೊಟ್ಟರೆ ಮುಂದಿನ ವಾಕ್ಯ ಹೊರಡಲೇ ಇಲ್ಲ. ಅಷ್ಟು ದಿನ ಹೂಂ ಹಿಡಿದುಕೊಂಡು ನಡೆದವನಿಗೆ ಅದಿಲ್ಲದೆ ಹೆಜ್ಜೆ ಇಡಲು ಆಗಲಿಲ್ಲ. ಪುಟ್ಟಮ್ಮಣ್ಣಿಯವರು ಕೆಳಗಿಳಿದು ಹೋಗಿ ರೊಟ್ಟಿ ತಟ್ಟಿ, ನಮಗೂ ತಂದುಕೊಟ್ಟರು. ಉಪಚಾರದಲ್ಲಿ ಕೊರತೆ ಇಲ್ಲ, ಹೂಂ ಮಾತ್ರ ಇಲ್ಲ. ಎರಡು ವಾರ ಕತ್ತೆ ಹೊಳೆಯಲ್ಲೇ ನಿಂತಿತು. ಕೊನೆಗೆ ನಾನೇ ಸೋತು, ಹಿಂದಿನ ದಿನ ನಾಳೆಯ್ಯ ಅದೇ ಹೊಳೆ ದಾಟಲೆಂದು ಹಾಕಿದ್ದ ನೀರಿಳಿಸುವ ಮಂತ್ರ ಆಗ ಫಲಿಸಿತೆಂದು ಬರೆದೆ. ಹೊಳೆ ಬತ್ತಿತು. ಕತ್ತೆ ಮೈ ಕೊಡವಿಕೊಂಡು ದಡ ಹತ್ತಿತು. "ಊಂ!" ಎಂದರು, ಹೂಂನ ಬಾಲ ಆಕಾಶಕ್ಕೆ. ನಮ್ಮ ಕಂತುಗಳಲ್ಲಿ ಜನ ಅತಿ ಹೆಚ್ಚು ಮೆಚ್ಚಿದ್ದು ಅದನ್ನೇ. ಮೂಲ ಲೇಖಕನಾದ ನನಗೆ ಇದರಿಂದ ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಕಡೆಯ ಕಂತು ಬಾಕಿ ಇರುವಾಗ ಪುಟ್ಟಮ್ಮಣ್ಣಿಯವರು ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಗಳು ಬಂದು ನರಸೀಪುರದ ತಮ್ಮ ಮನೆಗೆ ಕರೆದೊಯ್ದರು. ದಿನದಿನಕ್ಕೆ ಇಳಿದುಹೋಗುತ್ತಿದ್ದಾರೆಂದು ಲೋಕೇಶ ನೋಡಿ ಬಂದು ಹೇಳಿದ. ರೆಕಾರ್ಡ್ ಮಾಡಿ ಕೇಳಿಸುತ್ತೇವೆ ಅಂದದ್ದಕ್ಕೆ ಅವರು, "ಮಿಸೀನಿಗೆ ಊಂ ಅನ್ನಕ್ಕೆ ನಂಗೇನ್ ಉಚ್ಚಾ? ಮೇಷ್ಟ್ರುನ್ನ ಬರೇಳು. ನಾಳೆಯ್ಯ ಯಾನಾದ ಅಂತ ತಿಳೀದೆ ನಾನು ಎಂಗ್ಲಾ ಓಗ್ಲಿ?" ಎಂದರಂತೆ. ಆ ಮಾತು ಕೇಳಿಯೂ ನಾನು ಹೋಗುವುದನ್ನು ಮುಂದೂಡುತ್ತಿದ್ದೆ.

ಯಾಕೆಂದರೆ ಆ ಕಂತಿನಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ವಯಸ್ಸಾದ ನಾಳೆಯ್ಯ ಕೊನೆಯ ಮಂತ್ರವನ್ನು ತನ್ನ ಮೇಲೆಯೇ ಹಾಕಿಕೊಳ್ಳುತ್ತಾನೆ, ಈ ಲೋಕದಿಂದ ಮಾಯವಾಗುವ ಮಂತ್ರ. ಅದು ಫಲಿಸುವುದು ಮಾರನೆಯ ದಿನವಾದ್ದರಿಂದ ಒಂದು ಇಡೀ ದಿನ ಊರವರ ಜೊತೆ ನಗುತ್ತ ಕಳೆಯುತ್ತಾನೆ, ಬಾಗಿಲು ಹಾಕಿಕೊಂಡು ಮಲಗುತ್ತಾನೆ. ಬೆಳಗ್ಗೆ ಬಾಗಿಲು ತೆರೆದರೆ ಅವನಿಲ್ಲ. ಹಾಸಿಗೆ ಹಿಡಿದವರ ಮುಂದೆ ಇದನ್ನು ಹೇಗೆ ಹೇಳುವುದು? ಬದಲಿಸಬಹುದಿತ್ತು. ಕುಳಿತು ನೋಡಿದೆ, ಬರೆದ ಬೇರೆ ಕೊನೆಗಳೆಲ್ಲ ಸುಳ್ಳು ಸುಳ್ಳಾಗಿ ಕಂಡವು. ಅವರ ಹೂಂಗೆ ಸುಳ್ಳು ಗೊತ್ತಾಗುತ್ತದೆ.

ಕಾಲೇಜು ಮುಗಿಸಿಕೊಂಡು ಒಂದು ಮಧ್ಯಾಹ್ನ ಹೋದೆ. ಲೋಕೇಶ ಅಂಗಡಿ ಮುಚ್ಚಿ ಸಣ್ಣ ಮೈಕು ತಂದಿದ್ದ. ಮಂಚದ ಮೇಲೆ ಪುಟ್ಟಮ್ಮಣ್ಣಿಯವರು ಅರ್ಧವಾಗಿದ್ದರು. ವಿಭೂತಿ ಮಾತ್ರ ಹಣೆ ತುಂಬ ಇತ್ತು. ದಿಂಬಿನ ಪಕ್ಕ ಹತ್ತಿಯ ಉಂಡೆ ಇತ್ತು, ಬೆರಳುಗಳು ಅದನ್ನು ಸುಮ್ಮನೆ ಮುಟ್ಟುತ್ತಿದ್ದವು.

"ಸುರು ಮಾಡಿ," ಅಂದರು. ಬೀದಿಗೆ ಕೇಳುತ್ತಿದ್ದ ಆ ದನಿ ಮಂಚದ ಅಂಚನ್ನು ದಾಟುತ್ತಿರಲಿಲ್ಲ.

ಹೇಳಿದೆ. ಹೂಂ ಬರುತ್ತಿತ್ತು, ತೆಳ್ಳಗೆ, ಆದರೆ ಸರಿಯಾದ ಜಾಗಕ್ಕೆ. ನಾಳೆಯ್ಯ ಕತ್ತೆಯ ಜೊತೆ ಕೂತು ಕಡಲೆಕಾಯಿ ತಿನ್ನುವಲ್ಲಿ ಹೂಂನ ಬಾಲ ಎದ್ದಿತು. ಅವನು ಬಾಗಿಲು ಹಾಕಿಕೊಂಡಾಗ, "ಊಂ," ನಿಧಾನವಾಗಿ.

"ಬೆಳಗಾಯಿತು," ಅಂದೆ.

"ಊಂ."

"ಊರವರೆಲ್ಲ ನಾಳೆಯ್ಯನ ಬಾಗಿಲ ಮುಂದೆ ಬಂದು ನಿಂತರು."

ಕಾದೆ. ಫ್ಯಾನು ತಿರುಗುತ್ತಿತ್ತು. ಅವರು ನನ್ನನ್ನೇ ನೋಡುತ್ತಿದ್ದರು.

"ಬಾಗ್ಲು ತಗುದ್ರೆ ಅವ ಇರಲ್ಲ. ಅಲ್ವಾ ಮೇಷ್ಟ್ರೇ?"

ಹೌದೆಂದು ತಲೆಯಾಡಿಸಿದೆ.

"ಚಂದಾಗದ. ಕತ್ತೆ ಸಾಯೋದು ಸುಳ್ಳಿತ್ತು, ಇದು ಸುಳ್ಳಿಲ್ಲ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಆದ್ರೂ ಊಂ ಅನ್ನಲ್ಲ ಕಣಪ್ಪ. ಈ ಊಂ ನನ್ ತಾವೇ ಇರ್ಲಿ ಬುಡಿ. ನಿಂತಿರ್ಲಿ ಅವ್ರು, ಬಾಗ್ಲಲ್ಲೇ." ಆಮೇಲೆ ಮಗಳ ಕಡೆ ತಿರುಗಿ, "ಮೇಷ್ಟ್ರುಗೆ ಟೀ ಕಾಯ್ಸವ್ವ," ಅಂದರು.

ಆ ತಿಂಗಳು ಕಳೆಯುವುದರೊಳಗೆ ಅವರು ಲಿಂಗೈಕ್ಯರಾದರು. ಹೆಡತಲೆಯ ಅವರ ಜಮೀನಿನಲ್ಲಿ, ಗಂಡನ ಪಕ್ಕದಲ್ಲಿ ಮಣ್ಣು ಮಾಡಿದರು. ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ. ಮಹಡಿಯ ಕೋಣೆ ನಮಗೇ ಉಳಿದಿದೆ. ಬಾಗಿಲ ಬಳಿ ಗೋಡೆಯಲ್ಲಿ ಅವರ ತಲೆ ಒರಗಿದ್ದ ಜಾಗದಲ್ಲಿ ಎಣ್ಣೆಯ ಗುರುತಿದೆ. ಸುಣ್ಣ ಬಳಿಸುವಾಗ ಲೋಕೇಶ ಅಷ್ಟನ್ನು ಬಿಟ್ಟು ಬಳಿಸಿದ.

ಪುಸ್ತಕದ ಕಡೆಯ ವಾಕ್ಯ ನನ್ನ ಮುಂದೆಯೇ ಇದೆ. ಓದಲು ಎರಡು ಮೂರು ಸಲ ಮೈಕಿನ ಮುಂದೆ ಕೂತೆ, ಆಗಲಿಲ್ಲ. ಕೊನೆಗೆ ನರಸೀಪುರದ ಆ ಮಧ್ಯಾಹ್ನದ ರೆಕಾರ್ಡಿಂಗನ್ನೇ ಬಿಟ್ಟೆವು. ಊರವರು ಬಾಗಿಲ ಮುಂದೆ ಬಂದು ನಿಲ್ಲುತ್ತಾರೆ, ಆಮೇಲೆ ಒಂದಷ್ಟು ಹೊತ್ತು ಫ್ಯಾನಿನ ಸದ್ದು, ಅಷ್ಟೇ. ಬೇಡದ ಸದ್ದು ಕೇಳಿದರೆ ಕತ್ತರಿ ಹಿಡಿಯುವ ಲೋಕೇಶ ಅದನ್ನು ಮುಟ್ಟಲಿಲ್ಲ.

ಈಗಲೂ ಬಸ್ಸಿನಲ್ಲಿ ಯಾರಾದರೂ ಕಿವಿಯಿಂದ ವೈರು ಕಿತ್ತು ಕೇಳುತ್ತಾರೆ: "ಸಾ, ನಾಳೆಯ್ಯ ಯಾನಾದ? ಕತೆ ಇನ್ನೂ ಅದಾ?"

"ಹೂಂ," ಅನ್ನುತ್ತೇನೆ.