ಹಸಿರು ಹೊಳೆದ ಬೋರ್‌ವೆಲ್ ಕಲ್ಲು

ಅಗಲವಾದ ಅಂಗೈ, ಅದರ ಮೇಲೆ ಮಲಗಿಸಿದ ತೆಂಗಿನಕಾಯಿ. ನಡೆಯುತ್ತಾ ಹೋದಂತೆ ಕಾಯಿ ನೆಟ್ಟಗೆ ಎದ್ದು ನಿಂತ ಕಡೆ ನಮ್ಮ ಮೇಷ್ಟ್ರು ಹಿಮ್ಮಡಿಯಿಂದ ಮಣ್ಣು ಗೀರುತ್ತಿದ್ದರು. ಅಲ್ಲೇ ಬೋರ್‌ವೆಲ್. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ, ನಿವೃತ್ತರಾಗಿ ಬಟವಾಡಿಯಲ್ಲಿದ್ದವರು. ಜಾಗವನ್ನು ಮುಂಚೆಯೇ ನೀರು ಪತ್ತೆಹಚ್ಚುವ ಮೆಷಿನ್ನಿನಲ್ಲಿ ನೋಡಿಟ್ಟಿರುತ್ತಿದ್ದರು. "ಮೆಷಿನ್ ತೋರ್ಸಿದ್ರೆ ಅನುಮಾನ ಪಡ್ತಾರೆ, ಕಾಯಿ ಎದ್ರೆ ಕೈ ಮುಗೀತಾರೆ ಕಣೋ" ಎಂದು ನನ್ನ ಕಿವಿಯಲ್ಲಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ವ್ಯಾಪಾರಸ್ಥ ನಾನು, ಆಗಲೇ ಎಚ್ಚರವಾಗಬೇಕಿತ್ತು.

ಗುಬ್ಬಿಯಲ್ಲಿ ನನ್ನ ಪಂಪ್‌ಸೆಟ್ ಅಂಗಡಿ ನಿಂತದ್ದೇ ಅವರಿಂದ. ಬೋರ್ ಕೊರೆಯುವ ಜಾಗ ಗುರುತಿಸಿ ಪಾಯಿಂಟ್ ಕೊಟ್ಟ ಕಡೆಯೆಲ್ಲ "ಮೋಟ್ರು ನಮ್ ಹುಡುಗನ ಹತ್ರ ತಗೊಳಿ" ಅನ್ನುತ್ತಿದ್ದರು.

ಗೂಳೂರಿನಲ್ಲಿ ನಾನು ಮನೆ ಕಟ್ಟಿಸುವಾಗಲೂ ಪಾಯಿಂಟ್ ಅವರದೇ. ಕೊರೆಯುವಾಗ ಆಳದಿಂದ ಬಂದ ಕಲ್ಲಿನ ಚೂರುಗಳಲ್ಲಿ ಹಳದಿ ಪುಡಿ ಅಂಟಿದ್ದ ಒಂದನ್ನು ಆರಿಸಿ, ಕತ್ತಲಾಗಲೆಂದು ಕಂಬಳಿ ಹೊದ್ದು, ನಮ್ಮನ್ನೂ ಅದರೊಳಗೆ ಕರೆದು, ನೇರಳೆ ಬೆಳಕಿನ ಟಾರ್ಚ್ ಬಿಟ್ಟರು. ಪುಡಿ ಗಿಣಿಹಸಿರಾಗಿ ಹೊಳೆಯಿತು.

"ಮಿಣುಕುಹುಳ ಅರೆದು ಬಳ್ದಂಗೈತಲ್ಲ ಸಾ!" ಎಂದಳು ನನ್ನ ಹೆಂಡತಿ.

"ಇದೇನ್ ಸಾರ್?" ಎಂದೆ.

"ಏನಿಲ್ಲ ಬುಡೋ. ಭೂಮ್ತಾಯಿ ಹಸಿರು ಬಳೆ ತೊಟ್ಟವ್ಳೆ" ಎಂದು ಚೂರನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಳಿಸಿದರು.

ನಮ್ಮಲ್ಲಿ ನೀರು ತಿಳಿಯಾದ ಮೇಲೆ ಮೊದಲ ಚೊಂಬು ಪಾಯಿಂಟ್ ಕೊಟ್ಟವರಿಗೆ. ಅವರು ಕಣ್ಣಿಗೊತ್ತಿಕೊಂಡರು. "ಇವತ್ತು ಉಪ್ವಾಸ ಕಣಮ್ಮ" ಎಂದು ನನ್ನ ಮಗಳ ಕೈಗೇ ಕೊಟ್ಟರು. ಮಗು ಗಟಗಟ ಕುಡಿಯಿತು.

ಆಮೇಲೆ ವರ್ಷಗಟ್ಟಲೆ ಅದೇ ನೀರು. ಮಗಳ ಕಿಡ್ನಿಗೆ ತೊಂದರೆ ಕಂಡಾಗ ಡಾಕ್ಟರು ನೀರು ಟೆಸ್ಟ್ ಮಾಡಿಸಲು ಹೇಳಿದರು. ಕಾಯಿಲೆ ನೀರಿನಿಂದಲೇ ಎಂದು ಅವರು ಖಂಡಿತವಾಗಿ ಹೇಳಲಿಲ್ಲ. ಆದರೆ ಲ್ಯಾಬಿನವರು ಹೇಳಿದರು: ಯುರೇನಿಯಂ, ಕುಡಿಯಬಾರದಷ್ಟು. ನನಗೆ ಆ ಕಂಬಳಿಯೊಳಗಿನ ಹಸಿರು ನೆನಪಾಯಿತು.

ಬಟವಾಡಿಗೆ ಓಡಿದೆ. ಮೇಷ್ಟ್ರು ಹಾಸಿಗೆ ಹಿಡಿದಿದ್ದರು.

"ಆ ಕಲ್ಲು ಏನು ಅಂತ ಗೊತ್ತಿತ್ತಾ ಸಾರ್?"

"ಹೊಳೆದ ತಕ್ಷಣ ಗೊತ್ತಾಯ್ತು."

"ಮತ್ತೆ ಮಗೀಗೆ ಕುಡಿಸಿದ್ರಲ್ಲ!"

"ಹೇಳಿದ್ರೆ ನೀನು ಬೋರ್ ಮುಚ್ಚಿಸ್ತಿದ್ದೆ. ನನ್ ಪಾಯಿಂಟು ಒಂದೂ ಫೇಲಾಗಿಲ್ಲ ಕಣೋ" ಎಂದು ಗೋಡೆ ಕಡೆ ತಿರುಗಿಕೊಂಡರು.

ಹೊಸ ಬೋರ್ ಕೊರೆಸುವವರಿಗೆ ನನ್ನ ಮಾತು ಇಷ್ಟೇ: ಪಾಯಿಂಟ್ ಯಾರದೇ ಇರಲಿ, ನಿಮ್ಮ ಸ್ವಂತ ಗುರುವಿನದೇ ಇರಲಿ, ಲ್ಯಾಬಿಗೆ ಕೊಡದೆ ಮನೆಯವರ ಬಾಯಿಗೆ ನೀರು ಬಿಡಬೇಡಿ.

ಅವರು ತೀರಿಕೊಂಡ ದಿನ ಗುಬ್ಬಿ, ಕುಣಿಗಲ್ ಕಡೆಯಿಂದೆಲ್ಲ ಜನ ಬಂದಿದ್ದರು. ಬಹಳಷ್ಟು ಮಂದಿ ಅವರು ತೋರಿಸಿದ ನೀರು ಕುಡಿಯುವವರು. ನಾನು ಹೂವಿಟ್ಟೆ, ಕಾಲು ಮುಟ್ಟಿದೆ. ಹೊರಗೆ ಬಂದು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, "ನಿಮ್ ಬೋರ್ ನೀರು ಟೆಸ್ಟ್ ಮಾಡ್ಸಿ" ಅನ್ನತೊಡಗಿದೆ. ಅವರ ಮಗ ಬಂದು ನನ್ನ ಕೈ ಹಿಡಿದ. "ಇವತ್ತೊಂದಿನ ಸುಮ್ನಿರಣ್ಣ."

ಮೇಷ್ಟ್ರಿಂದ ನಾನು ಎಲ್ಲವನ್ನೂ ಕಲಿತೆ, ಸುಮ್ಮನಿರುವುದೊಂದನ್ನು ಬಿಟ್ಟು. ಕೈ ಬಿಡಿಸಿಕೊಂಡು ಮುಂದಿನವರ ಹತ್ತಿರ ಹೋದೆ.